ಗುಡ್ಡದ ಆಚೆಯ ಬಿಸಿಲು

ದೆವ್ವ ಕಂಡೆ, ಕನಸಲ್ಲಿ ಸೂಚನೆ ಬಂತು ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಬಣಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಾನು. ಮೊಳೆ ಎಂದರೆ ಮೊಳೆ, ಸುಣ್ಣ ಎಂದರೆ ಸುಣ್ಣ. ಹಾಗಾಗಿ ಇದನ್ನು ಹೇಳಲು ಇಷ್ಟು ವರ್ಷ ಹಿಂಜರಿದೆ. ನೀವು ನಂಬಲೇಬೇಕೆಂದೇನಿಲ್ಲ.

ಐವತ್ತು ಹತ್ತಿರವಾದಾಗ ನನಗೆ ಚಿತ್ರ ಬರೆಯುವ ಹುಚ್ಚು ಹಿಡಿಯಿತು. ಗೋಡೆಗೆ ಬಳಿಯುವ ಬಣ್ಣ ಮಾರಿದ್ದು ಸಾಕು, ಒಂದು ಗುಡ್ಡವನ್ನಾದರೂ ಇದ್ದದ್ದು ಇದ್ದಂತೆ ಬರೆಯಬೇಕು ಎನಿಸಿತು. ವಸ್ತಾರೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಎಣ್ಣೆಬಣ್ಣ ಕಲಿಸಲು ಒಪ್ಪಿದರು. ಅವರದು ಒಂದೇ ಷರತ್ತು: ಫೋಟೋ ನೋಡಿ ಬರೆಯಕೂಡದು, ಎದುರಿಗೆ ಕೂತು ಕಂಡದ್ದನ್ನೇ ಬರೆಯಬೇಕು.

ನಾನು ಆರಿಸಿಕೊಂಡದ್ದು ನಮ್ಮ ಹಿತ್ತಿಲಿನಿಂದ ಪೂರ್ವಕ್ಕೆ ಕಾಣುವ ಗುಡ್ಡ. ಅದರ ಆಚೆ ಬದಿಯಲ್ಲಿ ಅಮ್ಮನ ತವರು. ಅಜ್ಜನ ಮಾತು ಮೀರಿ ಮದುವೆಯಾದ ಅಮ್ಮ ಮತ್ತೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅಜ್ಜ ತೀರಿಕೊಂಡ ಮೇಲೂ ಅವಳ ತಮ್ಮ ಕರೆಯಲಿಲ್ಲ, ಇವಳು ಹೋಗಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಲ್ಲಿ ಆ ಗುಡ್ಡದ ಕಡೆ ನೋಡುತ್ತ ನಿಲ್ಲುವುದಷ್ಟೇ ಅವಳಿಗುಳಿದಿದ್ದ ತವರು. ನಾನೂ ಆ ಬದಿಯನ್ನು ನೋಡಿದವನಲ್ಲ.

ನಾಲ್ಕು ಬೆಳಿಗ್ಗೆ ಕೂತೆ. ಮಂಜು ಬಿಡಲೇ ಇಲ್ಲ. ಆಗೊಮ್ಮೆ ಈಗೊಮ್ಮೆ ತೆರೆದಾಗ ಕಂಡಷ್ಟನ್ನು ಬರೆದೆ: ಎಡಕ್ಕೆ ಬೋಳು ಬಂಡೆ, ಅದರ ಕೆಳಗೆ ಕೆಂಪು ಮಣ್ಣಿನದೊಂದು ಗೆರೆ, ಪಕ್ಕದಲ್ಲಿ ಕಾಡು ತುಂಬಿದ ಕಣಿವೆ, ಎಲ್ಲದರ ಮೇಲೂ ಎಳೆ ಬಿಸಿಲು. ಕೈ ಅಷ್ಟು ಸಲೀಸಾಗಿ ಎಂದೂ ಓಡಿರಲಿಲ್ಲ; ದಿನಾ ಕಾಣುವ ಗುಡ್ಡ ಇದೇನಾ ಎಂದು ಕೇಳಿಕೊಳ್ಳುವ ಯೋಚನೆಯೂ ಬರಲಿಲ್ಲ. ನಾಲ್ಕನೆಯ ದಿನ ಮೇಷ್ಟ್ರು ನೋಡಲು ಬಂದರು. ಮಂಜೂ ಆಗಲೇ ಪೂರ್ತಿ ಸರಿಯಿತು. ಎದುರಿಗಿದ್ದ ಗುಡ್ಡದಲ್ಲಿ ಬಂಡೆಯೂ ಇಲ್ಲ, ಕಣಿವೆಯೂ ಇಲ್ಲ, ಬರೀ ಹುಲ್ಲು.

“ಸೂರ್ಯ ಗುಡ್ಡದ ಹಿಂದೆ ಇದಾನೆ ಮಾರಾಯ. ಈ ಮುಖಕ್ಕೆ ಬಿಸ್ಲು ಎಲ್ಲಿಂದ ಬಂತು?” ಎಂದರು ಮೇಷ್ಟ್ರು. ಯಾವುದೋ ಫೋಟೋ ನೋಡಿ ಬರೆದಿದ್ದೇನೆಂದು ಮುನಿಸಿಕೊಂಡು ಹೊರಟೇಹೋದರು. ನನಗೆ ಅಳು ಬರುವುದೊಂದು ಬಾಕಿ.

ಹಸಿ ಕ್ಯಾನ್ವಾಸನ್ನು ಒಳಗೆ ತಂದು ಗೋಡೆಗೆ ಒರಗಿಸಿದೆ. ಅಮ್ಮ ನೋಡಿದವಳೇ ನೆಲದ ಮೇಲೆ ಕೂತುಬಿಟ್ಟಳು.

“ಇದು ನಮ್ಮಪ್ಪನ ಮನೆ ಅಂಗಳದಿಂದ ಕಾಣೋ ಗುಡ್ಡ ಕಣೋ.”

ಬಂಡೆಗೊಂದು, ಕಣಿವೆಗೊಂದು ಹೆಸರು ಹೇಳಿದಳು. ಕೆಂಪು ಗೆರೆ ಮಾತ್ರ ತಪ್ಪು, ಅಲ್ಲಿ ಅಂಥದ್ದೇನೂ ಇರಲಿಲ್ಲ ಎಂದಳು. ನನಗೆ ಸ್ವಲ್ಪ ಸಮಾಧಾನವಾಯಿತು. ಚಿಕ್ಕಂದಿನಲ್ಲಿ ಅವಳು ಹೇಳಿದ್ದೇ ಎಲ್ಲೋ ಉಳಿದು ಈಗ ಕೈಗೆ ಬಂದಿರಬೇಕು ಎಂದುಕೊಂಡೆ.

ಅಮ್ಮ ಸುಮ್ಮನಾಗಲಿಲ್ಲ. ಯಾರೂ ಕರೆಯದಿದ್ದರೂ ಸರಿ, ಒಮ್ಮೆ ನೋಡಬೇಕು ಎಂದು ಹಟ ಹಿಡಿದಳು. ಮರುದಿನ ಬೆಳಿಗ್ಗೆ ಜೀಪಿನಲ್ಲಿ ಗುಡ್ಡ ಸುತ್ತಿಕೊಂಡು ಆಚೆ ಬದಿಗೆ ಹೋದೆವು. ಅಂಗಳದಲ್ಲಿ ಕಾಫಿ ಹರವುತ್ತಿದ್ದ ಮಾವ ಅಕ್ಕನನ್ನು ಕಂಡು ನಿಂತರು, ಆಮೇಲೆ ಬಂದು ಅವಳ ಕೈ ಹಿಡಿದುಕೊಂಡರು. ನಾನು ತಲೆಯೆತ್ತಿದೆ. ಎಳೆ ಬಿಸಿಲಿನಲ್ಲಿ ನನ್ನ ಚಿತ್ರವೇ ನಿಂತಿತ್ತು. ಬಂಡೆಯ ಕೆಳಗೆ ಕೆಂಪು ಗೆರೆಯೂ ಇತ್ತು. ಹೋದ ಮಳೆಗಾಲದಲ್ಲಿ ಜರಿದ ಮಣ್ಣು ಅದು ಎಂದರು ಮಾವ. ಮೈ ಜುಮ್ಮೆಂದಿತು, ಹೆದರಿಕೆಯಲ್ಲ ಅದು, ಗರ್ಭಗುಡಿಯ ಮುಂದೆ ಆಗುವಂಥದ್ದು.

ಈಗ ಅಮ್ಮ ಹಬ್ಬಕ್ಕೆಲ್ಲ ತವರಿಗೆ ಹೋಗುತ್ತಾಳೆ. ನಾನು ಅದೇ ಹಿತ್ತಿಲಲ್ಲಿ ಮತ್ತೆ ಎಷ್ಟೋ ಸಲ ಕೂತೆ. ಎದುರಿಗಿದ್ದ ಹುಲ್ಲುಗುಡ್ಡವಷ್ಟೇ ಬಂತು. ಆ ನಾಲ್ಕು ಬೆಳಿಗ್ಗೆಯೂ ಅಮ್ಮ ಬಾಗಿಲಲ್ಲಿ, ನನ್ನ ಬೆನ್ನ ಹಿಂದೆ ನಿಂತಿದ್ದಳು. ಅವಳ ಆಸೆಯೇ ನನ್ನ ಕೈ ಹಿಡಿದು ಬರೆಸಿತು ಎನ್ನೋಣವೆಂದರೆ, ಆ ಕೆಂಪು ಗೆರೆ ಅವಳಿಗೂ ಗೊತ್ತಿರಲಿಲ್ಲ.