ಎಡಗೈಗೆ ಸಿಕ್ಕ ಆಟ

ಅಗಸೆ ಹುರಿಯುವ ವಾಸನೆ ಬಂದರೆ ನನಗೆ ಧಾರವಾಡದ ನಮ್ಮ ಹಳೆಯ ಮನೆ ನೆನಪಾಗುತ್ತದೆ. ಅಡುಗೆಮನೆಯಲ್ಲಿ ಅತ್ಯಾ ಚಟ್ನಿಗೆ ಅಗಸೆ ಹುರಿಯುತ್ತಿದ್ದಳು. ಪಡಸಾಲೆಯಲ್ಲಿ ನಾನು ಕಟ್ಟಿಗೆಯ ಹಾಕಿ ಸ್ಟಿಕ್ಕಿಗೆ ಅದೇ ಅಗಸೆಯ ಎಣ್ಣೆ ಸವರುತ್ತ ಕೂತಿರುತ್ತಿದ್ದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದವೋ, ನಾನೇ ಈಗ ಜೋಡಿಸಿಕೊಂಡಿದ್ದೇನೋ, ಖಾತ್ರಿಯಿಲ್ಲ. ದಿನಚರಿ ಬರೆಯುವ ಚಟ ಹತ್ತಿದ್ದು ಯೂನಿವರ್ಸಿಟಿಗೆ ಹೋದ ಮೇಲೆ. ಅದರ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಮನೆಯಂತೂ ಈಗ ಇಲ್ಲ. ಅಲ್ಲಿ ಒಂದು ಕೋಚಿಂಗ್ ಸೆಂಟರ್ ಎದ್ದಿದೆ.

ಅತ್ಯಾ ಎಂದರೆ ಅಪ್ಪನ ಅಕ್ಕ, ಕುಸುಮಾ. ಮದುವೆಯಾಗದೆ ನಮ್ಮ ಜೊತೆಗೇ ಇದ್ದಳು, ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ನಾನು ಹುಟ್ಟಾ ಎಡಚಿ. ನನ್ನ ಕೈ ತಿದ್ದುವುದನ್ನೂ ಅವಳು ಶಾಲೆಯ ಕೆಲಸದಷ್ಟೇ ನಿಷ್ಠೆಯಿಂದ ಮಾಡಿದಳು. ತಾಟಿನ ಕಡೆ ಎಡಗೈ ಹೋದರೆ ಸಟ್ಟುಗದ ತುದಿ ಮಣಿಕಟ್ಟಿಗೆ ತಾಗುತ್ತಿತ್ತು.

"ಪ್ರಸಾದ ಯಾವ ಕೈಲೆ ತಗೋತಾರ, ಸುಮಿ?"

"ಆಕೀವು ಎರಡೂ ಎಡಗೈನ ಅವ ಅತ್ಯಾ, ದೇವರು ಬಲಗೈ ಕೊಡೂದು ಮರತಾನ," ಎಂದು ಅಣ್ಣ ಪಕ್ಕದಿಂದ ಕಾಡುತ್ತಿದ್ದ. ಬರೆಯಲು, ಉಣ್ಣಲು, ಅರಿಷಿಣ-ಕುಂಕುಮ ಕೊಡಲು ಬಲಗೈ ಕಲಿತೆ. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು.

ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರು ಸ್ಟಿಕ್ ಕೊಟ್ಟ ದಿನ ಇದೆಲ್ಲ ತಲೆಕೆಳಗಾಯಿತು. "ಎಡಗೈ ಮ್ಯಾಲ ಇರ್ಲಿ, ಬಿಗಿ ಹಿಡಿ. ಬಲಗೈ ಬರೇ ಆಸರಕ್ಕ. ಇಲ್ಲಿ ಎಡಗೈನ ಯಜಮಾನ," ಎಂದರು. "ಖರೇನ್ರಿ ಸರ?" ಎಂದು ಕೇಳಿದ್ದಕ್ಕೆ ಇಡೀ ಮೈದಾನ ನಕ್ಕಿತು. ಮಣಿಕಟ್ಟು ತಿರುಗಿದಂತೆ ಸ್ಟಿಕ್ ತಿರುಗಿತು, ಚೆಂಡು ಅದರ ಬೆನ್ನು ಹತ್ತಿತು. ಮುಂದೆ ಹುಬ್ಬಳ್ಳಿಯ ಕೆಂಪು ಮಣ್ಣಿನ ಮೈದಾನಗಳು, ರಾಜ್ಯ ತಂಡ, ಕೊನೆಗೆ ಭಾರತದ ಜೆರ್ಸಿ. ಸಂಕೋಚವಿಲ್ಲದೆ ಹೇಳುತ್ತೇನೆ, ನಾನು ಒಳ್ಳೆಯ ಆಟಗಾರ್ತಿಯಾಗಿದ್ದೆ. ನನ್ನ ಎಡಬದಿಗೆ ಬಂದ ಚೆಂಡನ್ನು ಕಸಿಯುವುದು ಪರದೇಶದ ಹುಡುಗಿಯರಿಗೂ ಸುಲಭವಿರಲಿಲ್ಲ. ಈ ವಿಷಯದಲ್ಲಿ ನನಗೆ ನೆನಪಿನ ಮೇಲೆ ಅನುಮಾನವಿಲ್ಲ.

ಅನುಮಾನವಿರುವುದು ಇನ್ನೊಂದರ ಮೇಲೆ. ಮೊದಲ ರಾಷ್ಟ್ರೀಯ ಶಿಬಿರಕ್ಕೆ ಹೊರಡುವ ಬೆಳಿಗ್ಗೆ, ಕಳವಳ ತಡೆಯಲಾರದೆ ಅಂಗಳದಲ್ಲಿ ಚೆಂಡು ತಳ್ಳುತ್ತಿದ್ದೆ. ಅದು ಉರುಳಿ, ಬಾವಿಯ ಹತ್ತಿರ ಅರಿವೆ ಹಿಂಡುತ್ತಿದ್ದ ಅತ್ಯಾನ ಕಾಲ ಬಳಿ ನಿಂತಿತು. ಅವಳು ಎತ್ತಿ ಎಸೆದಳು. ಎಡಗೈಯಿಂದ. ಅಷ್ಟು ಭಾರದ ಚೆಂಡು ಆಚೀಚೆ ಸರಿಯದೆ ನೇರ ಬಂದು ನನ್ನ ಅಂಗೈಗೆ ಬಡಿಯಿತು. "ಲಗೂ ಹೋಗು, ಬಸ್ ತಪ್ಪತದ," ಎಂದು ಅವಳು ಮತ್ತೆ ಅರಿವೆಗೆ ಬಾಗಿದಳು. ಅಣ್ಣ ಇದನ್ನು ಒಪ್ಪುವುದಿಲ್ಲ. ಎಸೆದದ್ದು ಬಲಗೈಯಿಂದಲೇ, ನೀನು ಎದುರಿಗಿದ್ದಿ, ತಿರುಗುಮುರುಗಾಗಿ ಕಂಡಿತು ಎನ್ನುತ್ತಾನೆ. ಇರಬಹುದು. ಆದರೆ ಅಂಗೈ ಉರಿದದ್ದು ಗೊತ್ತು, ನನ್ನದರಂತೆ ತಿದ್ದಿ ಕಲಿಸಿದ ಬಲಗೈ ಅಷ್ಟು ನೇರ ಎಸೆಯಲಾರದು ಎಂಬುದೂ ಗೊತ್ತು. ನನ್ನ ಕೈಗೆ ಒಂದು ಆಟ ಸಿಕ್ಕಿತು. ಅವಳ ಕೈಗೆ ಏನೂ ಸಿಗದೆ ಹೋಯಿತೇ ಎಂಬುದು ನನ್ನನ್ನು ಬಿಟ್ಟಿಲ್ಲ.

ಅತ್ಯಾ ಈಗ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಅಣ್ಣನ ಮನೆಯಲ್ಲಿದ್ದಾಳೆ. ಕಣ್ಣು ಮಂದವಾಗಿದೆ, ಕಿವಿ ಮಾತ್ರ ಚುರುಕು. ಕಳೆದ ವಾರ ಹತ್ತಿರ ಕೂತು ಕೇಳಿಯೇಬಿಟ್ಟೆ: "ಅತ್ಯಾ, ನಿನ್ನ ಎಡಗೈ ಬಿಡಿಸಿದವ್ರು ಯಾರು?"

"ಊಟಕ್ಕ ಇರ್ತೀಯೇನು?" ಎಂದಳು.

ಇದ್ದೆ. ಉಂಡೆ. ಉತ್ತರ ಇನ್ನೂ ಬಂದಿಲ್ಲ.