ಆರೋ ಕೀ ಮುಟ್ಟದ ಬೆರಳು

ಭಾನುವಳ್ಳಿಯ ಅಕ್ಕನ ಮನೆಯಿಂದ ಹರಿಹರಕ್ಕೆ ವಾಪಸು ಬರುವಾಗ ಕಾಲುವೆ ದಾರಿಯಲ್ಲಿ ಸ್ಕೂಟಿ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ನಿಜ. ಆದರೆ ಪ್ಲಾಸ್ಟರ್ ತೆಗೆದ ಮೇಲೂ ಕಿರುಬೆರಳು, ಉಂಗುರದ ಬೆರಳು ಚಾಚಲು ಒಪ್ಪಲಿಲ್ಲ. “ನಿಧಾನಕ್ಕೆ ಬರ್ತವೆ, ಅವಸರ ಮಾಡಬ್ಯಾಡ್ರಿ” ಎಂದರು ಡಾಕ್ಟರು. ಆಫೀಸಿನಲ್ಲಿ ನಾನು ಹೇಳಿದ್ದು ಬೇರೆ. ಪೂರ್ತಿ ವಾಸಿಯಾಗಿದೆ ಎಂದೆ. ಕೈ ಸರಿಯಿಲ್ಲದವಳನ್ನು ಕೆಲಸಕ್ಕೆ ಯಾರು ಇಟ್ಟುಕೊಳ್ಳುತ್ತಾರೆ ಎಂಬ ಭಯ.

ಆಫೀಸು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ. ಸುತ್ತಲಿನ ಊರುಗಳ ಸಹಕಾರ ಸಂಘಗಳ ಕಂಪ್ಯೂಟರುಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತೇವೆ. ಮೌಸ್ ಹಿಡಿದು ಮಾಡುವ ಕೆಲಸವಲ್ಲ. ಟರ್ಮಿನಲ್ ಎನ್ನುವ ಕಪ್ಪು ಪರದೆಯಲ್ಲಿ ಕಮಾಂಡುಗಳನ್ನು ಟೈಪ್ ಮಾಡಬೇಕು. ಕೆಲವು ಕಮಾಂಡುಗಳು ಪರದೆಯ ಈ ತುದಿಯಿಂದ ಆ ತುದಿಗೆ ಹೋಗುತ್ತವೆ. ನಡುವೆ ಒಂದಕ್ಷರ ತಪ್ಪಿದರೆ ಬಲ ಮೂಲೆಯ ಬಾಣದ ಗುರುತಿನ ಆರೋ ಕೀ ಒತ್ತುತ್ತ, ಮಿನುಗುವ ಗೆರೆಯಾದ ಕರ್ಸರನ್ನು ಅಕ್ಷರಕ್ಷರ ದಾಟಿಸಿ ಅಲ್ಲಿಗೆ ಒಯ್ಯಬೇಕು. ಆ ಮೂಲೆಗೆ ಕೈ ತಿರುಗಿಸಿದರೆ ಮೊಣಕೈವರೆಗೂ ಚಳಕು ಬರುತ್ತಿತ್ತು.

ಯಾವ ಕೀ ಏನು ಮಾಡಬೇಕು ಎಂದು ಟರ್ಮಿನಲ್ಲಿಗೆ ನಾವೇ ಹೇಳಿಕೊಡಬಹುದು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಅದನ್ನು ಮಾಡಿದೆ. ಆಲ್ಟ್ ಕೀ ಜೊತೆ ಎಸ್ ಒತ್ತಿದರೆ ಕರ್ಸರ್ ಒಂದು ಪದ ಹಿಂದಕ್ಕೆ, ಡಿ ಒತ್ತಿದರೆ ಒಂದು ಪದ ಮುಂದಕ್ಕೆ. ಎರಡೂ ಎಡಗೈಗೆ ಸಿಗುವ ಕೀಗಳು. ಆಲ್ಟ್ ಡಿ ಮೊದಲು ಮುಂದಿನ ಪದವನ್ನು ಅಳಿಸುತ್ತಿತ್ತು. ಆ ಕೆಲಸವನ್ನು ಅದರಿಂದ ಕಿತ್ತುಕೊಂಡೆ. ನನ್ನ ಮಿಷಿನ್ ಬೇರೆ ಯಾರು ಮುಟ್ಟುತ್ತಾರೆ ಎಂದುಕೊಂಡೆ.

ಸ್ವಲ್ಪ ದಿನಕ್ಕೆ ಒಂದು ಸಂಘದ ಬ್ಯಾಕಪ್ ಕಾಣೆಯಾಯಿತು. ಬ್ಯಾಕಪ್ ಎಂದರೆ ಅವರ ಇಡೀ ವ್ಯವಹಾರದ ನಕಲು. ನಮ್ಮ ಸರ್, ಎಂದರೆ ಆಫೀಸಿನ ಯಜಮಾನರು, “ಯಾರೋ ಅಳಿಸ್ಯಾರ” ಎಂದರು. ಆ ಸಂಘದ ಕೆಲಸ ನನ್ನದೇ ಆಗಿತ್ತು. ಅಂದಿನಿಂದ ಅವರು ನನ್ನ ಕುರ್ಚಿಯ ಹಿಂದೆ ನಿಧಾನಕ್ಕೆ ಹಾದುಹೋಗತೊಡಗಿದರು. ಒಂದು ಬೆಳಿಗ್ಗೆ ನಿಂತೇಬಿಟ್ಟರು.

“ಮೇಡಮ್, ಸ್ವಲ್ಪ ಏಳ್ರಿ.”

ನನ್ನ ಕುರ್ಚಿಯಲ್ಲಿ ಕೂತು ಹಳೆಯ ಕಮಾಂಡೊಂದನ್ನು ಪರದೆಗೆ ತಂದರು. ಕರ್ಸರನ್ನು ಸಾಲಿನ ಮೊದಲಿಗೆ ಒಯ್ದು, ಒಂದು ಪದ ಅಳಿಸಲು ಆಲ್ಟ್ ಡಿ ಒತ್ತಿದರು. ಪದ ಹಾಗೇ ಉಳಿಯಿತು, ಕರ್ಸರ್ ಅದನ್ನು ದಾಟಿ ಮುಂದೆ ಹೋಯಿತು. ಮತ್ತೆ ಒತ್ತಿದರು, ಮತ್ತೆ ಹೋಯಿತು.

“ಇದಕ್ಕೇನು ಹಾಕೀರಿ?”

“ಏನೂ ಹಾಕಿಲ್ಲ ಸರ್. ಕೀ ಬದಲಾಯಿಸಿಕೊಂಡೀನಿ ಅಷ್ಟೆ.”

“ಯಾಕ?”

“ಬೇಗ ಆಗ್ತೈತೆ ಅಂತ.”

“ಅಳಿಸೋ ಕೀನೇ ಬೇಕಾಗಿತ್ತಾ ಬದಲಾಯ್ಸಕ್ಕೆ?”

ಅದಕ್ಕೆ ಇದ್ದ ಒಂದೇ ಉತ್ತರವನ್ನು ನಾನೇ ಮುಚ್ಚಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಸಂಘಗಳ ಪಾಸ್‌ವರ್ಡುಗಳೆಲ್ಲ ಬದಲಾದವು. ನನಗೆ ಫೋನ್ ಎತ್ತುವ ಕೆಲಸ ಬಂತು.

ಸರ್ ನೇರ ಆ ಕೀಗೇ ಬಂದಿದ್ದರಲ್ಲ, ಯಾರು ಚಾಡಿ ಹೇಳಿರಬಹುದು ಎಂದು ನಾನೂ ಹುಡುಕತೊಡಗಿದೆ. ಪಕ್ಕದ ಕುರ್ಚಿಯವಳು ಸಾರಥಿ ಎಂಬ ಹಳ್ಳಿಯವಳು, ನನಗಿಂತ ಚಿಕ್ಕವಳು. ಹರಿಹರದವರೆಗೆ ಇಬ್ಬರಿಗೂ ಒಂದೇ ಬಸ್ಸು. ಈಚೆಗೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತಿರುಗಿದರೆ ಕಣ್ಣು ಪರದೆಗೆ ಹೋಗುತ್ತಿತ್ತು. ಸರ್ ಕೋಣೆಯಿಂದ ಅವಳು ಹೊರಬಂದದ್ದನ್ನೂ ಕಂಡಿದ್ದೆ. ಬಸ್ಸಿನಲ್ಲಿ ಅವಳಿಂದ ದೂರ ಕೂರತೊಡಗಿದೆ. ಅವಳು ಕೊಟ್ಟ ಚಕ್ಕುಲಿಯನ್ನು ಹಲ್ಲುನೋವೆಂದು ಹೇಳಿ ಹಿಂದಿರುಗಿಸಿದೆ.

ಫೋನ್ ಎತ್ತಿ ಎತ್ತಿ ಬೇಸರ ಹತ್ತಿದ ಮೇಲೆ ಸರ್ ಎದುರು ಹೋಗಿ ಬಲಗೈಯನ್ನು ಮೇಜಿನ ಮೇಲಿಟ್ಟೆ. “ಈ ಎರಡು ಬೆರಳು ಚಾಚಲ್ಲ ಸರ್. ಆರೋ ಕೀ ಒತ್ತಕ್ಕಾಗಲ್ಲ. ಅದಕ್ಕೆ ಎಡಗೈಗೆ ತಂದ್ಕಂಡೆ.”

ಅವರು ಕೈಯನ್ನು ನೋಡಿದರು, ನನ್ನ ಮುಖ ನೋಡಿದರು. “ವಾಸಿ ಆಗೈತೆ ಅಂದಿದ್ರಲ್ಲ?”

“ಅಂದಿದ್ದೆ.”

“ಆವಾಗ ಸುಳ್ಳೋ, ಈಗ ಸುಳ್ಳೋ?”

ನಿಜ ಹೇಳಿದರೆ ಮುಗಿಯಿತು ಎಂದುಕೊಂಡು ಹೋಗಿದ್ದವಳು, ಇನ್ನಷ್ಟು ಸಣ್ಣವಳಾಗಿ ಹೊರಬಂದೆ.

ಬ್ಯಾಕಪ್ಪಿನ ಗುಟ್ಟು ಬಯಲಾದದ್ದು ಸಾರಥಿಯವಳಿಂದ. ನನ್ನ ಕೆಲಸ ಅವಳ ಪಾಲಿಗೆ ಬಂದಿತ್ತು. ಆ ಸಂಘದ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿ ನಕಲು ಅರ್ಧಕ್ಕೇ ನಿಂತುಹೋಗಿತ್ತು. ಯಾರೂ ಅಳಿಸಿರಲಿಲ್ಲ, ಅಳಿಸಲು ಅಲ್ಲಿ ಪೂರ್ತಿ ನಕಲು ಇರಲೇ ಇಲ್ಲ. ಸರ್ ಹೊಸ ಪಾಸ್‌ವರ್ಡುಗಳನ್ನು ನನಗೆ ಕೊಟ್ಟರು. “ಕೀ ಹಂಗೇ ಇರ್ಲಿ ಬಿಡ್ರಿ. ಮೊದ್ಲೇ ಹೇಳ್ಬೇಕಿತ್ತು” ಎಂದರು.

“ಹೇಳಿದ್ರೆ ಕೆಲಸಕ್ಕೆ ಇಟ್ಕಂತಿದ್ರಾ ಸರ್?”

ಅವರು ಫೋನ್ ತೆಗೆದು ಯಾರಿಗೋ ಮಾಡಿದರು.

ಆ ಸಂಜೆ ಬಸ್ಸಿನಲ್ಲಿ ಸಾರಥಿಯವಳೇ ಬಂದು ಪಕ್ಕ ಕೂತಳು. “ಅಕ್ಕ, ನಿಮ್ಮ ಮೇಲೆ ಕಣ್ಣಿಡು ಅಂತ ಸರ್ ಹೇಳಿದ್ರು. ಇಟ್ಟಿದ್ದೆ. ಕೀ ಬದಲಾಯಿಸಿದ್ದನ್ನ ನಾನೇ ಹೇಳಿದ್ದು.”

“ಬೆರಳಿನ ವಿಷಯ ಗೊತ್ತಿರಲಿಲ್ವ?”

“ಗೊತ್ತಿತ್ತು. ಚಾ ಲೋಟ ಎಡಗೈಲಿ ಹಿಡೀತಿದ್ರಲ್ಲ. ಅದನ್ನ ಹೇಳ್ಲಿಲ್ಲ. ನೀವೇ ಮುಚ್ಚಿಟ್ಟಿದ್ದನ್ನ ನಾನು ಹೆಂಗೆ ಹೇಳ್ಲಿ?”

ನನ್ನನ್ನು ಬಿಡಿಸಬಲ್ಲ ಒಂದೇ ಮಾತನ್ನು ಅವಳು ನನ್ನ ಮೇಲಿನ ಮರ್ಯಾದೆಗಾಗಿ ನುಂಗಿಕೊಂಡಿದ್ದಳು. ಹಾಗೆಂದು ಅವಳು ಹೇಳಿದಳು. ನಂಬಬೇಕೋ ಬಿಡಬೇಕೋ ತಿಳಿಯದೆ ಕಿಟಕಿಯಾಚೆ ನೋಡಿದೆ.

ಇಳಿಯುವ ಮುಂಚೆ ಅವಳು ಕೇಳಿದಳು: “ಆ ಕೀಗಳನ್ನ ನನ್ನ ಮಿಷಿನ್‌ಗೂ ಹಾಕಿಕೊಡ್ತೀರಾ? ಚಲೋ ಅದಾವೆ.”

ಸರ್ ಹೇಳಿ ಕಳಿಸಿರಬಹುದೇ ಎಂಬುದೇ ನನ್ನ ತಲೆಗೆ ಮೊದಲು ಬಂತು. ಮರುದಿನ ಹಾಕಿಕೊಟ್ಟೆ. ಅವಳ ಮಿಷಿನ್ ಎದುರು ಕೂರುವ ಮೊದಲು ಮಾತ್ರ ನನ್ನದಕ್ಕೆ ಪಾಸ್‌ವರ್ಡಿನ ಬೀಗ ಹಾಕಿ ಎದ್ದಿದ್ದೆ.