ಪೂಜೆ ಕಾಣದ ರೂಪಾಯಿ

ಮೊನ್ನೆ ರಾಯಚೂರಿನ ಮನೆಯಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಬೆರಳಿಗೆ ಹತ್ತಿದ ಆ ಹುಳಿ ವಾಸನೆಯ ಹಿಂದೆಯೇ ದೇವದುರ್ಗದ ನಮ್ಮ ಮಗ್ಗುಲ ಮನೆಯ ಆಯಿ ನೆನಪಿನಲ್ಲಿ ಬಂದು ಕೂತಳು. ಈಗ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಆವತ್ತು ನಾವು ಕೂತದ್ದು ಪಡಸಾಲೆಯಲ್ಲೋ ಅಡುಗೆಮನೆಯಲ್ಲೋ ಖಚಿತವಿಲ್ಲ. ಬಿಸಿಲಂತೂ ಇತ್ತು, ಆಯಿ ಒಂದೊಂದೇ ನಾಣ್ಯವನ್ನು ಅದಕ್ಕೆ ವಾಲಿಸಿ ನೋಡುತ್ತಿದ್ದಳು…

ಆಯಿ ರೇಷ್ಮೆ ದಾರದಲ್ಲಿ ಸರ ಪೋಣಿಸುವವಳು. ಬೆಳ್ಳಿ ಬಂಗಾರ ಸದಾ ಅವಳ ಬೆರಳಲ್ಲಿ ಆಡುತ್ತಿದ್ದುದರಿಂದ ಓಣಿಯಲ್ಲಿ ಯಾರಿಗೆ ಸಂಶಯ ಬಂದರೂ ಅವಳಿಗೇ ತೋರಿಸುತ್ತಿದ್ದರು. ಅಕ್ಕನ ಲಗ್ನ ಮಾನ್ವಿಯ ಮನೆಗೆ ಗೊತ್ತಾಗಿತ್ತು. ಲಕ್ಷ್ಮೀಪೂಜೆಗೆ ಇಡುವ, ರಾಜನ ತಲೆಯ ಬೆಳ್ಳಿ ರೂಪಾಯಿಗಳನ್ನು ಹಿರಿಮಗಳ ಉಡಿಗೆ ಹಾಕಿ ಕಳಿಸುವುದು ನಮ್ಮ ಮನೆಯ ಪದ್ಧತಿ. ಮಾನ್ವಿಯವರು ಉಡಿಯ ಬೆಳ್ಳಿಯನ್ನೂ ಅಕ್ಕಸಾಲಿ ಪತ್ತಾರನಿಗೆ ತೋರಿಸುತ್ತಾರೆಂದು ಯಾರೋ ಹೇಳಿದ್ದರು. ಅವತ್ತಿನಿಂದ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ.

ನಾಣ್ಯ ಬಡಿದಾಗ ಬರುವ ಸದ್ದನ್ನು ಆಯಿ ನಂಬುತ್ತಿರಲಿಲ್ಲ. ಅಂಚಿನ ಗೆರೆಗಳ ಮೇಲೆ ಉಗುರು ಎಳೆದಳು, ಎರಡೆರಡನ್ನು ಅಂಗೈಗಳಲ್ಲಿ ತೂಗಿದಳು. ಕೊನೆಗೆ ಒಂದನ್ನು ಪಕ್ಕಕ್ಕಿಟ್ಟಳು.

"ಅಯ್ಯ, ಅದಾ ಚಂದ ಅದ ನೋಡ್ರಿ! ಉಳಿದವಂತೂ ಸವದು ನುಣ್ಣನ ಬಿಲ್ಲಿ ಆಗ್ಯಾವ," ಅಂದಳು ಅಮ್ಮ.

"ಅದಕ್ಕಾ ಹೇಳಾಕತ್ತೀನಿ ಬೇ. ನಿಮ್ಮತ್ತಿ ಹುಣಸಿಹಣ್ಣು ತಿಕ್ಕಿ ತಿಕ್ಕಿ ಎಲ್ಲಾ ರಾಜರ ಮೂಗೂ ಸವಿಸ್ಯಾಳ. ಇವನೊಬ್ಬ ಹೆಂಗ ಪಾರಾದ?" ಅಂದಳು ಆಯಿ.

ಚಿಗವ್ವ ನಕ್ಕಳು. ಅವಳು ಅಪ್ಪನ ತಮ್ಮನ ಹೆಂಡತಿ, ಲಗ್ನದ ಕೆಲಸಕ್ಕೆಂದು ಪೋತ್ನಾಳದಿಂದ ಬಂದಿದ್ದಳು.

ಆಯಿ ತೋರಿಸಿದಳು: ರಾಜನ ಕೆನ್ನೆಯ ಮೇಲೆ ಸೂಜಿ ಚುಚ್ಚಿದಂಥ ತೂತುಗಳು, ಅಂಚಿನ ಗೆರೆಗಳ ನಡುವೆ ಅರ ಹಾಕಿ ತಿಕ್ಕಿದ ಗುರುತು. ಅಚ್ಚು ಒತ್ತಿದ್ದಲ್ಲ, ಎರಕ ಹೊಯ್ದದ್ದು, ಅಂದರೆ ಖೊಟ್ಟಿ, ನಕಲಿ. ಅಲ್ಲಿಗೇ ನಿಲ್ಲಿಸಿದ್ದರೆ… ನಿಲ್ಲಿಸಲಿಲ್ಲ. ಸೂಜಿಯಿಂದ ಉಳಿದ ನಾಣ್ಯಗಳ ಅಕ್ಷರದ ಸಂದಿ ಕೆದಕಿದಳು. ವರ್ಷಗಟ್ಟಲೆಯ ಕುಂಕುಮ ಕಲ್ಲಾಗಿ ಕೂತಿತ್ತು. ಇದರಲ್ಲಿ ಏನೂ ಇರಲಿಲ್ಲ.

"ಇದು ನಿಮ್ಮನಿ ಪೂಜಿ ಕಂಡಿಲ್ಲ ಯವ್ವಾ. ಹೊಸದಾಗಿ ಬಂದು ಸೇರ್‍ಯಾದ."

ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಅಜ್ಜಿಯನ್ನು ರಾಯಚೂರಿನ ದವಾಖಾನೆಗೆ ಸೇರಿಸಿದಾಗ ಅಮ್ಮ ಅಲ್ಲೇ ಉಳಿದಿದ್ದಳು. ಆಗ ದೇವರಕೋಣೆಯ ಕೀಲಿ ಇದ್ದದ್ದು ಚಿಗವ್ವನ ಸೊಂಟದಲ್ಲಿ. ಎಲ್ಲರೂ ಅವಳತ್ತ ನೋಡಿದೆವು. ನಾನೂ ನೋಡಿದೆನೇ? ನೋಡಿರಬೇಕು, ಅವಳ ಮುಖ ಬಿಳಿಚಿದ್ದು ನೆನಪಿದೆಯಲ್ಲ.

ತನ್ನ ಮಾತು ಯಾರ ಮೇಲೆ ಹೋಯಿತೆಂದು ಆಯಿಗೆ ಗೊತ್ತಾಯಿತು. "ಕುಂಕುಮ ಉದುರಿದ್ರೂ ಉದುರಿರ್ತದ, ನಾ ಏನು ದೇವರಾ?" ಅಂದಳು. ಆಗಲೇ ಚಿಗವ್ವ ಎದ್ದು ಕೈ ತೊಳೆಯುತ್ತಿದ್ದಳು. ಸಂಜೆಯ ಬಸ್ಸಿಗೆ ಹೊರಟುಹೋದಳು, ಲಗ್ನಕ್ಕೂ ಬರಲಿಲ್ಲ. ಆ ಒಂದು ರೂಪಾಯಿ ಬಿಟ್ಟು ಉಡಿ ತುಂಬಿದೆವು. ಮಾನ್ವಿಯವರು ಪತ್ತಾರನಿಗೆ ತೋರಿಸಿದರೋ ಇಲ್ಲವೋ, ಒಂದು ಮಾತೂ ಬರಲಿಲ್ಲ.

ಆಮೇಲೆ ನನ್ನನ್ನು ಕಂಡಾಗಲೆಲ್ಲ ಆಯಿ ಕೇಳುತ್ತಿದ್ದಳು, "ನಿಮ್ಮ ಚಿಗವ್ವ ಬಂದಿದ್ಲೇನು?" ಇಲ್ಲ ಅಂದರೆ, "ಖೊಟ್ಟಿ ಅದ ಅಂದು ಬಾಯಿ ಮುಚ್ಚಬೇಕಿತ್ತು," ಎಂದು ದಾರದ ತುದಿಯನ್ನು ಬಾಯಲ್ಲಿ ಹಸಿ ಮಾಡುತ್ತಿದ್ದಳು. ಆಯಿ ಈಗ ಇಲ್ಲ. ಚಿಗವ್ವ ಪೋತ್ನಾಳದಲ್ಲಿ ಇದ್ದಾಳೆ, ನಮ್ಮ ಪಾಲಿಗೆ ಇಲ್ಲ.

ದೀಪ ಒರೆಸುತ್ತಿದ್ದಾಗ ಇಷ್ಟು ವರ್ಷ ಬಾರದ ಒಂದು ಚಿತ್ರ ಬಂತು. ಎಲ್ಲ ನಾಣ್ಯಗಳೂ ದೇವರಕೋಣೆಯ ಚರಿಗೆಯಿಂದ ಬಂದವು, ಅದೊಂದನ್ನು ಬಿಟ್ಟು. ಅದನ್ನು ಅಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟಳು… ಇದು ನಿಜವಾಗಿ ಕಂಡದ್ದೋ, ಚಿಗವ್ವನನ್ನು ಉಳಿಸಲು ನನ್ನ ಮನಸ್ಸು ಈಗ ಕಟ್ಟಿದ್ದೋ ತಿಳಿಯದು. ಅಮ್ಮ ನನ್ನ ಜೊತೆಗೇ ಇದ್ದಾಳೆ. ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಹೋಗಿ ಕೇಳಿಯೇಬಿಟ್ಟೆ. ಅವಳು ತಲೆ ಎತ್ತದೆ ಮುಂದಿನ ಕಾಯಿಗೆ ಕೈ ಹಾಕಿದಳು. ನಾನು ಕೇಳಿದ್ದು ಇಷ್ಟೇ:

"ಯವ್ವಾ, ಅದೊಂದು ರೂಪಾಯಿ ನಿನ್ನ ಸೆರಗಿನ ಗಂಟಿನಾಗ ಯಾಕಿತ್ತು?"